ಎಂಟು ಬೆಂಚಿನ ರೂಟು

ಸೀಟಿಯಕ್ಕನ ಬಾಯಲ್ಲಿ ಸೀಟಿ ಇಲ್ಲದಿದ್ದಾಗ ಬೈಗುಳ ಇರುತ್ತದೆ. ಎರಡೂ ಇಲ್ಲವೆಂದರೆ ಆಕೆ ನಿದ್ದೆ ಹೋಗಿದ್ದಾಳೆ ಎಂದೇ ಅರ್ಥ. ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವಳು. ನಿವೃತ್ತಿಯ ದಿನ ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟು, ಚರ್ಮದ ಚೀಲ, ಟಿಕೆಟ್ ಮಷೀನು, ಬ್ಯಾಡ್ಜು ಎಲ್ಲ ವಾಪಸ್ ಪಡೆದರು. ಸೀಟಿ ಮಾತ್ರ ಆಕೆ ಕೊಡಲಿಲ್ಲ. "ನನ್ನ ಎಂಜಲು ಸೀಟಿ ಇನ್ಯಾರ ಬಾಯಿಗೆ ಇಡ್ತೀರಿ, ನಾಚಿಕೆ ಆಗಲ್ವಾ?" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

ಆಕೆಯನ್ನು ನಾನು ಮೊದಲು ಕಂಡದ್ದು ಬಸ್ ನೌಕರರ ಮುಷ್ಕರದಲ್ಲಿ. ಬೆಂಬಲಕ್ಕೆ ಹೋದ ನಾವು ಹೋರಾಟದವರೆಲ್ಲ ಡಿಪೋ ಗೇಟಿನ ಮುಂದೆ ಗಂಟಲು ಹರಿದುಕೊಂಡು ಘೋಷಣೆ ಕೂಗುತ್ತಿದ್ದೆವು. ಈಕೆ ಕೂಗಲಿಲ್ಲ. ಹೊರಗೆ ಬರಲು ನೋಡಿದ ಒಂದು ಬಸ್ಸಿನ ಮುಂದೆ ಕಾಲು ಚಾಚಿ ಕೂತು ಊಟದ ಡಬ್ಬಿ ಬಿಚ್ಚಿದಳು. ಡ್ರೈವರು ಹಾರನ್ ಹೊಡೆದ. ಈಕೆ ನಿಧಾನವಾಗಿ ಅಗಿಯುತ್ತಾ ಕೂತಳು. ಬಸ್ಸು ಹಿಂದಕ್ಕೆ ಹೋಯಿತು. ಭಾಷಣಕ್ಕಿಂತ ಡಬ್ಬಿ ಮೇಲು ಎಂದು ಅವತ್ತೇ ನಮಗೆ ಗೊತ್ತಾಯಿತು. ಆಮೇಲೂ ನಾವು ಭಾಷಣ ಬಿಡಲಿಲ್ಲ, ಆ ಮಾತು ಬೇರೆ.

ಗಂಡ ಅದೇ ಡಿಪೋದ ಡ್ರೈವರು. ಇಬ್ಬರೂ ಒಂದೇ ಬಸ್ಸಿನಲ್ಲಿ ಹನ್ನೊಂದು ವರ್ಷ ಓಡಾಡಿದವರು. ಆತ ಮುಂದೆ, ಈಕೆ ಹಿಂದೆ. "ಮನೇಲಿ ಜಗಳ ಆಡೋಕೆ ಟೈಮ್ ಎಲ್ಲಿತ್ತು? ಬಸ್ಸಲ್ಲಿ ಆಡೋಣ ಅಂದ್ರೆ ಮಧ್ಯ ಅರವತ್ತು ಜನ" ಎನ್ನುತ್ತಿದ್ದಳು.

ಒಂಬತ್ತು ತಿಂಗಳ ಹಿಂದೆ ಡ್ರೈವರಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು, ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಮೂರು ಮಾತು ವಾಪಸ್ ಬಂದಿದ್ದವು. ಒಂದು "ಹೂಂ". ಇನ್ನೊಂದು "ಥೂ". ಮೂರನೆಯದು, ರಸ್ತೆಗೆ ಅಡ್ಡ ಬಂದವರಿಗೆ ಡ್ರೈವರುಗಳು ಕಿಟಕಿಯಿಂದ ತಲೆ ಹೊರಹಾಕಿ ಹೇಳುವ ಮಾತು. ಅದನ್ನು ಇಲ್ಲಿ ಅಚ್ಚು ಹಾಕಲಾಗದು. ಮಗಳು ಕಣ್ಣೀರು ಹಾಕಿದಳು. "ಇಷ್ಟು ಮಾತಿದ್ದೂ ಇದ್ಯಾಕಮ್ಮಾ ಉಳೀಬೇಕಿತ್ತು?" ಸೀಟಿಯಕ್ಕ ಅಂದಳು: "ದಿನಾ ಜಾಸ್ತಿ ಬಳಸಿದ್ದು ಉಳಿದಿದೆ. ನನ್ನ ಹೆಸರು ಕರೆದಿದ್ರೆ ಅದೂ ಉಳೀತಿತ್ತು."

ಕಾಲಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ವಾರಕ್ಕೆರಡು ಸಲ ಬರುತ್ತಿದ್ದಳು. ಚಿಕ್ಕ ವಯಸ್ಸು, ನೇರ ಮಾತು. ಒಂದು ದಿನ ಸೀಟಿಯಕ್ಕನನ್ನು ಅಡುಗೆಮನೆಗೆ ಕರೆದು ಹೇಳಿದಳು: "ಮನೆಯೊಳಗೆ ನಡೆದದ್ದು ಸಾಕು ಆಂಟಿ. ಬಯಲಲ್ಲಿ ನಡೀಬೇಕು. ಇನ್ನು ನಾಲ್ಕೈದು ತಿಂಗಳು ಹೀಗೇ ಬಿಟ್ರೆ ಕಾಲು ಬಿಗಿದುಬಿಡುತ್ತೆ. ಆಮೇಲೆ ಮಂಚ ಬಿಟ್ಟು ಏಳಲ್ಲ ಇವರು."

ಆದರೆ ಡ್ರೈವರಣ್ಣ ಹೊಸಿಲು ದಾಟಲು ಒಪ್ಪುತ್ತಿರಲಿಲ್ಲ. ಅದಕ್ಕೂ ಕಾರಣವಿತ್ತು. ಒಂದು ಬೆಳಿಗ್ಗೆ ಹೆಂಡತಿಯ ತೋಳು ಹಿಡಿದು ಬೀದಿಗೆ ಇಳಿದಿದ್ದ. ನಾಲ್ಕು ಮನೆ ದಾಟುವಷ್ಟರಲ್ಲಿ ಕಾಲು ಸೋತಿತು. ಕೂರೋಣವೆಂದರೆ ಒಂದು ಕಟ್ಟೆಯಿಲ್ಲ, ಕಲ್ಲಿಲ್ಲ. ಬಿದ್ದ. ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ, "ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡಿದಾನೆ ನೋಡು" ಎಂದು ಹೋದ. ಮೂವತ್ತೆರಡು ವರ್ಷ ಸ್ಟೀರಿಂಗ್ ಹಿಡಿದು ಒಂದು ಹನಿ ಕುಡಿಯದ ಮನುಷ್ಯ. ಆವತ್ತಿನಿಂದ ಚಪ್ಪಲಿ ತಂದಿಟ್ಟರೆ "ಥೂ" ಎಂದು ಗೋಡೆಗೆ ಮುಖ ಮಾಡುತ್ತಿದ್ದ.

ಮನೆಯ ಎದುರಿಗೇ ಪಾರ್ಕು. ಹೆಸರಿಗೆ ಪಾರ್ಕು. ಮಧ್ಯೆ ಒಣಗಿದ ಕಾರಂಜಿ, ಅದರೊಳಗೆ ಖಾಲಿ ಬಾಟಲಿ. ಕಾರಂಜಿಯ ಸುತ್ತ ಕಲ್ಲು ಹಾಸಿದ ಒಂದು ದಾರಿ, ಅದರ ಮೇಲೆ ಸೊಂಟದ ಮಟ್ಟ ಕಳೆ. ಒಂದು ದಿನ ಅದರ ಗೇಟಿಗೆ ಬ್ಯಾನರು ಬಿತ್ತು: ಸೇವಾ ಕ್ಲಬ್ಬಿನ ವತಿಯಿಂದ ಉದ್ಯಾನದ ಸುಂದರೀಕರಣ, ಸ್ವಯಂಸೇವಕರಿಗೆ ಸ್ವಾಗತ, ಭಾನುವಾರ ಬೆಳಿಗ್ಗೆ ಆರೂವರೆ.

ಸೇವಾ ಕ್ಲಬ್ಬು ಎಂದರೆ ನಮ್ಮಂಥವರಿಗೆ ಮೊದಲಿಂದ ಮೂಗುಮುರಿತ. ಒಂದು ಗಿಡ ನೆಡಲು ಹನ್ನೆರಡು ಜನ ಹಾರೆ ಹಿಡಿದು ಫೋಟೋಕ್ಕೆ ನಿಲ್ಲುವವರು ಎಂದು ನಾನೇ ಎಷ್ಟೋ ಸಲ ವೇದಿಕೆಯ ಮೇಲೆ ಆಡಿಕೊಂಡಿದ್ದೇನೆ. ಸೀಟಿಯಕ್ಕ ನನ್ನ ಮನೆ ಬಾಗಿಲಿಗೆ ಬಂದು, "ಭಾನುವಾರ ಕುಡುಗೋಲು ತಗೊಂಡು ಬಾರಣ್ಣ" ಎಂದಾಗ ಅದನ್ನೇ ಹೇಳಿದೆ.

"ಫೋಟೋ ಅವರು ಹಿಡಿಸ್ಕೊಳ್ಳಲಿ, ಬೆಂಚು ನಾವು ಹಿಡ್ಕೊಳ್ಳೋಣ" ಎಂದಳು.

"ಯಾವ ಬೆಂಚು?"

"ಎಂಟು ಕಲ್ಲಿನ ಬೆಂಚು ಹಾಕ್ತಾರಂತೆ. ಕೂರೋಕೆ ಜಾಗ ಇದ್ರೆ ನಮ್ಮನೆಯೋರು ಹೊರಗೆ ಬರ್ತಾರೆ. ನನಗೆ ಅಷ್ಟೇ ಬೇಕಾಗಿರೋದು. ಪಾರ್ಕು ಚೆಂದ ಆದ್ರೆ ಆಗಲಿ, ಬೇಡ ಅನ್ನಲ್ಲ."

ಹೋದೆವು. ಕ್ಲಬ್ಬಿನವರು ಬಿಳಿ ಟೋಪಿ, ಹೊಸ ಕೈಗವಸು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಈಕೆ ಹಳೆಯ ಖಾಕಿ ಅಂಗಿ ಹಾಕಿ, ಸೀರೆ ಎತ್ತಿ ಸಿಕ್ಕಿಸಿ, ಸೀದಾ ಕಳೆಗೆ ಕೈ ಹಾಕಿದಳು. ಅರ್ಧ ಗಂಟೆಯಲ್ಲಿ ಕೈಗವಸಿನವರ ಸೊಂಟ ಹಿಡಿದುಕೊಂಡಿತು. ಅವರು ನೀರು ಕುಡಿಯಲು ಹೋಗಿ ಅಲ್ಲೇ ಮಾತಿಗೆ ನಿಂತರೆ ಸೀಟಿ ಬೀಳುತ್ತಿತ್ತು. "ಒಳಗೆ ಹೋಗ್ರೀ ಒಳಗೆ ಹೋಗ್ರೀ, ಒಳಗೆ ಜಾಗ ಖಾಲಿ ಇದೆ!" ಎಂದು ಕೂಗುತ್ತಿದ್ದಳು. ಬ್ಯಾಂಕಿನ ಮ್ಯಾನೇಜರರು, ಔಷಧಿ ಅಂಗಡಿಯವರು, ವಕೀಲರು, ಎಲ್ಲರೂ ಬಾಗಿಲಲ್ಲಿ ನೇತಾಡುವ ಪ್ರಯಾಣಿಕರ ಹಾಗೆ ತಲೆ ತಗ್ಗಿಸಿ ಒಳಗೆ ಸರಿಯುತ್ತಿದ್ದರು. ಮೂರು ಭಾನುವಾರದಲ್ಲಿ ದಾರಿ ಕಾಣಿಸಿತು.

ಕ್ಲಬ್ಬಿನ ಅಧ್ಯಕ್ಷರಿಗೆ ಕನ್ನಡಕದ ಅಂಗಡಿ. ಒಳ್ಳೆಯ ಮನುಷ್ಯ, ಆದರೆ ಅಚ್ಚುಕಟ್ಟು ಜಾಸ್ತಿ. ಅಂಗಡಿಯಲ್ಲಿ ಫ್ರೇಮು ಜೋಡಿಸುವಂತೆ ಜಗತ್ತನ್ನೂ ಜೋಡಿಸಬೇಕು. ನಾಲ್ಕನೇ ಭಾನುವಾರ ಒಂದು ಚಾರ್ಟು ಬಿಡಿಸಿದರು. ಎಂಟು ಬೆಂಚೂ ಕಾರಂಜಿಯ ಎದುರು, ಅರ್ಧಚಂದ್ರದಂತೆ ಒಂದೇ ಕಡೆ.

ಸೀಟಿಯಕ್ಕ ಚಾರ್ಟಿನ ಮೇಲೆ ಬಗ್ಗಿದಳು. "ಏನ್ ಸಾರ್ ಇದು? ಎಂಟು ಸ್ಟಾಪೂ ಒಂದೇ ಕಡೆ ಮಾಡಿದೀರಾ?"

"ಸ್ಟಾಪ್ ಅಲ್ಲಮ್ಮ, ಬೆಂಚು."

"ಎರಡೂ ಒಂದೇ. ಕಾಲು ಸೋತೋರು ಇಳಿಯೋ ಜಾಗ. ಎಲ್ಲಾ ಇಲ್ಲೇ ಹಾಕಿದ್ರೆ ಆ ಕಡೆ ಸೋತೋನು ಏನು ಮಾಡಬೇಕು? ನಿಮ್ಮ ಚಾರ್ಟು ನೋಡ್ಕೊಂಡು ನಿಂತಿರಬೇಕಾ?"

"ಉದ್ಘಾಟನೆಗೆ ನಮ್ಮ ಕ್ಲಬ್ಬಿನ ಜಿಲ್ಲಾ ಗವರ್ನರು ಬರ್ತಾರೆ. ಒಂದು ನೋಟ ಬೇಡವಾ?"

"ಅವರು ಎಷ್ಟು ಹೊತ್ತು ನೋಡ್ತಾರೆ? ಹತ್ತು ನಿಮಿಷ. ಆಮೇಲೆ?"

ಆಕೆ ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಒಂದು ವೃತ್ತ ಎಳೆದಳು, ಎಂಟು ಕಡೆ ಚುಕ್ಕಿ ಇಟ್ಟಳು. ಬಸ್ಸಿನ ರೂಟು ವಿವರಿಸುವ ಹಾಗೇ ವಿವರಿಸಿದಳು. ಗೇಟು, ಡಿಪೋ. ಅಲ್ಲಿಂದ ಮೊದಲನೇ ಸ್ಟೇಜು, ಎರಡನೇ ಸ್ಟೇಜು. ಸುತ್ತಿ ಬಂದರೆ ಮತ್ತೆ ಡಿಪೋ. ಅಧ್ಯಕ್ಷರು ಮತಕ್ಕೆ ಹಾಕಿ ಕೈ ಎತ್ತಿಸಿದರು. ಮೊದಲ ಮೂರು ಭಾನುವಾರ ಸೀಟಿಗೆ ಹೆದರಿದ್ದವರು ನಾಲ್ಕನೆಯ ಭಾನುವಾರವೂ ಹೆದರಿಯೇ ಕೈ ಎತ್ತಿದರೋ ಏನೋ, ಈಕೆಯೇ ಗೆದ್ದಳು. ಅಧ್ಯಕ್ಷರು ಚಾರ್ಟು ಸುತ್ತುತ್ತಾ, "ಆಯ್ತು. ಆದ್ರೆ ಅಳತೆ ನಿಮ್ಮದು, ಜವಾಬ್ದಾರಿಯೂ ನಿಮ್ಮದು. ಕಾಂಕ್ರೀಟು ಹಾಕಿದ ಮೇಲೆ ಕೀಳೋಕಾಗಲ್ಲ" ಎಂದರು.

"ನನ್ನ ಅಳತೆ ತಪ್ಪಿದ್ದು ಯಾವತ್ತಾದ್ರೂ ಇದೆಯಾ?" ಎಂದಳು ಸೀಟಿಯಕ್ಕ. ಆ ಮಾತು ಆಮೇಲೆ ಆಕೆಯ ಗಂಟಲಲ್ಲೇ ಸಿಕ್ಕಿಕೊಂಡಿತು.

ಅಳತೆ ಆಕೆ ಚೆನ್ನಾಗಿಯೇ ತೆಗೆದಿದ್ದಳು. ಮನೆಯಲ್ಲಿ ಮಂಚದಿಂದ ಬಚ್ಚಲಿನವರೆಗೆ ಒಂದು ಕಿರಿದಾದ ಓಣಿಯಂಥ ನಡುಮನೆ. ಅದರಲ್ಲಿ ಡ್ರೈವರಣ್ಣ ಹೋಗಿ ಬರುವುದು ದಿನಾ ನೋಡುತ್ತಿದ್ದಳಲ್ಲ. ಹೋಗುತ್ತಾ ಹದಿನೆಂಟು ಹೆಜ್ಜೆ, ಬರುತ್ತಾ ಹದಿನೆಂಟು. ಮೂವತ್ತಾರು ಹೆಜ್ಜೆ ಕೂರದೆ ನಡೆಯುತ್ತಾನೆ. ಒಂದು ಹೆಜ್ಜೆಗೆ ನೆಲದ ಒಂದು ಟೈಲ್ಸು. ಟೈಲ್ಸಿನ ಉದ್ದಕ್ಕೆ ಒಂದು ಕೋಲು ಕಡಿದುಕೊಂಡು ಬಂದು, ಪಾರ್ಕಿನ ದಾರಿಯ ಮೇಲೆ ಆ ಕೋಲನ್ನು ಮೂವತ್ತಾರು ಸಲ ಮಗುಚಿ, ಸುಣ್ಣದ ಪುಡಿಯಿಂದ ಗುರುತು ಹಾಕಿದಳು. ಎಂಟು ಗುರುತು. ಕೂಡಿ ಕಳೆದು ನೋಡಿದರೆ ಸುತ್ತು ಸರಿಯಾಗಿ ಕೂತಿತು. ವಾರದೊಳಗೆ ಗಾರೆಯವರು ಬೆಂಚುಗಳನ್ನು ಗುರುತಿನ ಮೇಲೆ ನೆಟ್ಟು ಕಾಂಕ್ರೀಟು ಸುರಿದರು.

ಉದ್ಘಾಟನೆಗೆ ಮೂರು ವಾರವಿದ್ದಾಗ ಗಂಡನನ್ನು ಹೊರಡಿಸಿದಳು. ಸುಲಭಕ್ಕಲ್ಲ. ಎರಡು ದಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಕೂರಿಸಿ, "ನೋಡ್ರೀ, ಮೂವತ್ತಾರಕ್ಕೊಂದು ಸ್ಟಾಪು, ನಿಮಗೋಸ್ಕರ ಹಾಕ್ಸಿದೀನಿ" ಎಂದು ತೋರಿಸಿದಳು. ಮೂರನೇ ದಿನ ಆತ "ಹೂಂ" ಎಂದ. ಭಾನುವಾರವಾದ್ದರಿಂದ ನಾವೆಲ್ಲ ಬೇಲಿಗೆ ಬಣ್ಣ ಹೊಡೆಯುತ್ತಿದ್ದೆವು. ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದ. ಹೆಂಡತಿಯ ತೋಳು ಹಿಡಿದು ಮೊದಲ ಬೆಂಚಿಗೆ ಬಂದು, ಐದು ನಿಮಿಷ ಕೂತು, ತಾನೊಬ್ಬನೇ ನಡೆಯಲು ಎದ್ದ. ಸೀಟಿಯಕ್ಕ ಎರಡು ಸಲ ಸೀಟಿ ಊದಿದಳು, "ರೈಟ್!"

ಹತ್ತು ಹೆಜ್ಜೆ ಚೆನ್ನಾಗಿ ಹೋದ. ಹನ್ನೆರಡಕ್ಕೆ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕತೊಡಗಿತು. ಹದಿನಾಲ್ಕಕ್ಕೆ ನಿಂತ. ಮುಂದಿನ ಬೆಂಚು ಇನ್ನೂ ಅತ್ತ, ಹಿಂದಿನದು ಇತ್ತ. ಮೊಣಕಾಲು ಮಡಚಿಕೊಂಡಿತು. ಇಸ್ತ್ರಿ ಅಂಗಿಯ ಮನುಷ್ಯ ಎಲ್ಲರ ಮುಂದೆ ಕಲ್ಲುಹಾಸಿನ ಮೇಲೆ ಕುಸಿದು ಕೂತ. ಹೆಂಡತಿ ಓಡಿ ಹೋಗಿ ತಲೆ ಹಿಡಿದುಕೊಂಡಳು. ಅಧ್ಯಕ್ಷರು ಬಣ್ಣದ ಕೈಯಲ್ಲೇ ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದರು. ಇಬ್ಬರು ಮೂವರು ಸೇರಿ ಎತ್ತಿ ಕೂರಿಸಿದೆವು, ಕುರ್ಚಿಯ ಸಮೇತ ಮನೆಗೆ ಹೊತ್ತೆವು. ಡ್ರೈವರಣ್ಣ "ಥೂ" ಕೂಡ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಮೇಲಿನ ನಾಲ್ಕು ದಿನ ಆ ಮನೆಯಿಂದ ಸೀಟಿಯೂ ಕೇಳಲಿಲ್ಲ, ಬೈಗುಳವೂ ಕೇಳಲಿಲ್ಲ. ಮಗಳು ಬಂದು, "ಬಿಡಮ್ಮ, ಅಪ್ಪನಿಗೆ ಹಿಂಸೆ ಕೊಡಬೇಡ" ಎಂದು ಹೇಳಿ ಹೋದಳಂತೆ. ಐದನೇ ದಿನ ಸೀಟಿಯಕ್ಕ ಮನೆ ಒರೆಸಲು ಕೂತಳು. ನಡುಮನೆಯ ಗೋಡೆಗೆ, ಸೊಂಟದ ಎತ್ತರದಲ್ಲಿ, ಒಂದು ಕಪ್ಪು ಗೆರೆ ಬೀಳುತ್ತಿತ್ತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಅದನ್ನು ಉಜ್ಜುವುದು, "ಎಲ್ಲಿಂದ ಬರುತ್ತೋ ಈ ಕೊಳೆ" ಎಂದು ಶಪಿಸುವುದು ಆಕೆಯ ರೂಢಿ. ಅವತ್ತೂ ಉಜ್ಜಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಗೆರೆ ಮಂಚದ ಕಡೆಯಿಂದ ಬಚ್ಚಲ ಬಾಗಿಲವರೆಗೆ ಇತ್ತು. ತಿರುಗಿ ನೋಡಿದಳು. ಎದುರು ಗೋಡೆಯ ಮೇಲೂ ಇತ್ತು, ಅದೇ ಎತ್ತರದಲ್ಲಿ. ಹೋಗುವಾಗ ಆ ಗೋಡೆ, ಬರುವಾಗ ಈ ಗೋಡೆ. ಎಡಗೈ. ಮೂವತ್ತಾರು ಹೆಜ್ಜೆಯನ್ನು ಆತ ಕಾಲಿನಿಂದ ಮಾತ್ರ ನಡೆದಿರಲಿಲ್ಲ. ಈಕೆ ಹೆಜ್ಜೆ ಎಣಿಸಿದ್ದಳು, ಗೋಡೆಯನ್ನು ಎಣಿಸಿರಲಿಲ್ಲ. ಅಷ್ಟೇ ಅಲ್ಲ, ಆತ ಗೋಡೆ ಹಿಡಿದ ಗುರುತನ್ನು ವಾರ ವಾರ ತಾನೇ ಒರೆಸಿ ಹಾಕಿದ್ದಳು.

ಆ ಭಾನುವಾರ ಪಾರ್ಕಿನಲ್ಲಿ ಎಲ್ಲರನ್ನೂ ಸೇರಿಸಿದಳು. ಸೀಟಿ ಊದಲಿಲ್ಲ.

"ಅಧ್ಯಕ್ಷರೇ, ಅಳತೆ ನನ್ನದೇ ತಪ್ಪು" ಎಂದಳು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ, ಅದಕ್ಕಿಂತ ಉದ್ದದ ಸಂಸಾರದಲ್ಲಿ ಆಕೆ ಆ ಮಾತು ಹೇಳಿದ್ದನ್ನು ಕೇಳಿದವರಿಲ್ಲ. "ಬೆಂಚು ಕೀಳಿ ಅನ್ನಲ್ಲ. ಬೆಂಚಿಂದ ಬೆಂಚಿಗೆ ಕೈ ಹಿಡ್ಕೊಳ್ಳೋಕೆ ಒಂದು ಕಂಬಿ ಬೇಕು. ಒಳಗಿನ ಅಂಚಿಗೆ, ಸೊಂಟದ ಎತ್ತರಕ್ಕೆ. ಬಸ್ಸಲ್ಲಿ ಇರುತ್ತಲ್ಲ, ಆ ಥರ."

ಅಧ್ಯಕ್ಷರ ಮುಖ ಸಣ್ಣದಾಯಿತು. "ಅಮ್ಮಾ, ಒಳಗಿನ ಅಂಚಿಗೆ ಹೂವಿನ ಪಾತಿ ಮಾಡಿದೀವಿ. ಅದರ ಮೇಲೆ ಕಂಬಿ ಹಾಕಿದ್ರೆ ದನದ ದೊಡ್ಡಿ ಥರ ಕಾಣುತ್ತೆ."

"ಸಾರ್, ನಿಮ್ಮ ಅಂಗಡೀಲಿ ಕನ್ನಡಕ ಮಾರ್ತೀರಲ್ಲ, ಮುಖ ಚೆಂದ ಕಾಣಲಿ ಅಂತ ಮಾರ್ತೀರೋ, ಕಣ್ಣು ಕಾಣಲಿ ಅಂತ ಮಾರ್ತೀರೋ?"

ಅಧ್ಯಕ್ಷರು ಪ್ರಾಮಾಣಿಕರು. ಸ್ವಲ್ಪ ಯೋಚಿಸಿ, "ಎರಡಕ್ಕೂ" ಎಂದರು.

"ಹಾಗಾದ್ರೆ ಇದನ್ನೂ ಎರಡಕ್ಕೂ ಮಾಡಿ. ಕಂಬಿ ನಾನು ತರ್ತೀನಿ. ಬಣ್ಣ ನೀವು ಆರಿಸಿ."

ಅಧ್ಯಕ್ಷರು ತಮ್ಮ ಪಾತಿಯನ್ನು ಒಮ್ಮೆ ನೋಡಿದರು, ದಾರಿಯ ಮೇಲೆ ಅವತ್ತು ಡ್ರೈವರಣ್ಣ ಕುಸಿದ ಜಾಗವನ್ನು ಒಮ್ಮೆ ನೋಡಿದರು. ಆ ಪ್ಲಾಸ್ಟಿಕ್ ಕುರ್ಚಿ ಹೊತ್ತವರು ಅವರೇ ತಾನೆ. "ಕಡು ಹಸಿರು" ಎಂದರು.

ಡಿಪೋದಲ್ಲಿ ವೆಲ್ಡರಾಗಿದ್ದವನೊಬ್ಬ ಈಗ ಗುಜರಿ ಅಂಗಡಿ ಇಟ್ಟಿದ್ದಾನೆ. ಹಳೇ ಬಸ್ಸುಗಳನ್ನು ಕಡಿದು ಹಾಕುವುದು ಅವನ ಕಸುಬು. ಸೀಟಿಯಕ್ಕನ ಜೊತೆ ನಾನೂ ಹೋಗಿದ್ದೆ. ಬಸ್ಸಿನೊಳಗೆ ಜನ ನಿಂತು ಹಿಡಿಯುವ ಉದ್ದದ ಕಂಬಿಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಸಾವಿರಾರು ಕೈ ಸವರಿ ಸವರಿ ಅಲ್ಲಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು.

"ಲೋ ತಮ್ಮಾ, ಇದನ್ನೆಲ್ಲ ಕೊಡು" ಎಂದಳು.

"ತಗೊಂಡೋಗಕ್ಕಾ. ಡ್ರೈವರಣ್ಣನಿಗೆ ಅಂದ್ರೆ ನಾನೇ ಬಂದು ಬೆಸುಗೆ ಹಾಕ್ತೀನಿ. ಆದ್ರೆ ಒಂದು ಮಾತು. ನನಗೀಗ ಬೆಸುಗೆ ಸರಿಯಾಗಿ ಕಾಣಲ್ಲ."

"ಕಾಣಲ್ವಾ? ಅದಕ್ಕೂ ಒಬ್ಬರು ಇದಾರೆ ಬಾ" ಎಂದು ಅವನ ತೋಳು ಹಿಡಿದು ಸೀದಾ ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದಳು. ಅಧ್ಯಕ್ಷರು ಅವನನ್ನು ಕೂರಿಸಿ, ಅಕ್ಷರ ಓದಿಸಿ, ಎರಡು ದಿನದಲ್ಲಿ ಕನ್ನಡಕ ಮಾಡಿಕೊಟ್ಟರು. ಹಾಕಿಕೊಂಡವನೇ ತಾನು ಹಿಂದಿನ ತಿಂಗಳು ಮಾಡಿದ್ದ ಒಂದು ಗೇಟಿನ ಬೆಸುಗೆ ನೋಡಿ, "ಅಯ್ಯೋ, ಇಷ್ಟು ಕೆಟ್ಟದಾಗಿ ಮಾಡಿದೀನಾ?" ಎಂದು ತಲೆ ಚಚ್ಚಿಕೊಂಡನಂತೆ.

ಐದು ಬೆಂಚಿನವರೆಗೆ ಕಂಬಿ ಬಂದ ದಿನ ಸೀಟಿಯಕ್ಕ ಗಂಡನನ್ನು ಮತ್ತೆ ಕರೆದಳು. ಆತ ಬರಲಿಲ್ಲ. ಆಕೆ ಒಂದು ಮೊಳ ಕಂಬಿ ತುಂಡನ್ನು ಮನೆಗೆ ಒಯ್ದು ಆತನ ಎಡಗೈಯಲ್ಲಿ ಇಟ್ಟು ಅಡುಗೆಮನೆಗೆ ಹೋದಳು. ಆತ ಅದನ್ನು ತಿರುಗಿಸಿ ನೋಡಿದ, ಮೂಸಿಯೂ ನೋಡಿದನಂತೆ. ಸಂಜೆ ಚಪ್ಪಲಿಯ ಕಡೆ ಕೈ ತೋರಿಸಿದ.

ಕಂಬಿ ಒಳಗಿನ ಅಂಚಿಗೆ. ಹಾಗಾಗಿ ಅದು ಎಡಗೈಗೆ ಸಿಗಬೇಕಾದರೆ ಒಂದೇ ದಿಕ್ಕಿಗೆ ನಡೆಯಬೇಕು. ತಿರುಗಿದರೆ ಕಂಬಿ ಸತ್ತ ಕೈಯ ಕಡೆಗೆ ಹೋಗುತ್ತದೆ. ಅವತ್ತು ಮೂರು ಬೆಂಚು ದಾಟಿ, ನಾಲ್ಕಕ್ಕೆ ಹೊರಟವನಿಗೆ ಏಳೆಂಟು ಹೆಜ್ಜೆಗೇ ಉಸಿರು ಕಟ್ಟಿತು. ಮುಂದೆ ದೂರ, ತಿರುಗುವ ಹಾಗಿಲ್ಲ. ನಾವು ಓಡಲು ನೋಡಿದೆವು. ಸೀಟಿಯಕ್ಕ ಕೈ ಅಡ್ಡ ಹಿಡಿದಳು. ಆತನ ಹಿಂದೆ ಹೋಗಿ ನಿಂತು, ಬಸ್ಸು ರಿವರ್ಸ್ ತೆಗೆಯುವಾಗ ಹಿಂಬದಿಯ ತಗಡು ಬಡಿಯುವ ಹಾಗೆ ಕಂಬಿಯನ್ನು ಅಂಗೈಯಿಂದ ಬಡಿದಳು. "ಬರ್ಲಿ, ಬರ್ಲಿ, ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ..." ಡ್ರೈವರಣ್ಣ ಹಿಂದೆ ನೋಡಲಿಲ್ಲ. ಹನ್ನೊಂದು ವರ್ಷ ಆ ದನಿಯನ್ನು ನಂಬಿ ಹಿಂದಕ್ಕೆ ಬಂದವನು. ಒಂದೊಂದೇ ಹೆಜ್ಜೆ ಹಿಂದಿಟ್ಟು ಮೂರನೇ ಬೆಂಚಿಗೆ ಬಂದು ಕೂತ. "ಹೋಲ್ಡಾನ್!" ಎಂದಳು. ಆತನ ಮುಖದ ಒಂದು ಬದಿ ನಕ್ಕಿತು. ಇನ್ನೊಂದು ಬದಿಗೆ ನಗಲು ಬರುತ್ತಿರಲಿಲ್ಲ.

ಉದ್ಘಾಟನೆಯ ದಿನ ಎಂಟೂ ಬೆಂಚಿಗೆ ಕಂಬಿ ಬಂದಿತ್ತು, ಕಾರಂಜಿ ನೀರು ಚಿಮ್ಮುತ್ತಿತ್ತು, ಕಂಬಿಯ ಬುಡದಲ್ಲಿ ಹೂ ಅರಳಿತ್ತು. ದನದ ದೊಡ್ಡಿಯ ಹಾಗೇನೂ ಕಾಣಲಿಲ್ಲ. ಗವರ್ನರು ಕೋಟು ಹಾಕಿ ಬಂದರು. ರಿಬ್ಬನ್ ಕತ್ತರಿಸಿದರು, ಪರಿವಾರದ ಸಮೇತ ದಾರಿಯಲ್ಲಿ ನಡೆದು, ಐದನೇ ಮತ್ತು ಆರನೇ ಬೆಂಚಿನ ನಡುವೆ ನಿಂತು, ಕೈಯಲ್ಲಿ ಮೈಕು ಹಿಡಿದು ಪರಿಸರದ ಬಗ್ಗೆ ಭಾಷಣ ಶುರು ಮಾಡಿದರು.

ಡ್ರೈವರಣ್ಣ ಅದಕ್ಕೂ ಮೊದಲೇ ಗೇಟಿನ ಡಿಪೋ ಬಿಟ್ಟಾಗಿತ್ತು. ಆತನಿಗೆ ಉದ್ಘಾಟನೆಯ ಹಂಗಿಲ್ಲ, ಟೈಮಿಗೆ ಟೈಮು. ಐದನೇ ಬೆಂಚಿಂದ ಎದ್ದು, ಕಂಬಿ ಹಿಡಿದು, ಹದಿನೈದು ಹೆಜ್ಜೆ ಬಂದು ನೋಡಿದರೆ ಎದುರಿಗೆ ಕೋಟು. ಗವರ್ನರು ಕಂಬಿಗೆ ಒರಗಿ ನಿಂತಿದ್ದರು. ಹಿಂದೆ ಸೀಟಿಯಕ್ಕ ಬಾಯಿಗೆ ಸೀಟಿ ಇಟ್ಟಳು, ಅಧ್ಯಕ್ಷರು ದೂರದಿಂದಲೇ ಬೇಡ ಬೇಡ ಎಂದು ಕಣ್ಣಲ್ಲೇ ಕೇಳಿಕೊಂಡರು. ಸೀಟಿ ಬೇಕಾಗಲಿಲ್ಲ. ಡ್ರೈವರಣ್ಣ ಎದೆ ತುಂಬಾ ಉಸಿರೆಳೆದು ತನ್ನ ಮೂರನೇ ಮಾತನ್ನು ಹೇಳಿದ. ಸ್ಪಷ್ಟವಾಗಿ, ಗಟ್ಟಿಯಾಗಿ, ಒಂದಕ್ಷರವೂ ತೊದಲದೆ. ಮೈಕು ಅದನ್ನು ಹಿಡಿದು ಪಾರ್ಕಿನ ನಾಲ್ಕೂ ಮೂಲೆಗೆ ಮುಟ್ಟಿಸಿತು.

ಮಗಳು ಮುಖ ಮುಚ್ಚಿಕೊಂಡಳು. ಗವರ್ನರು ಕೋಟಿನ ಸಮೇತ ಕಂಬಿಯಡಿ ನುಸುಳಿ ಹೂವಿನ ಪಾತಿಗೆ ಸರಿದರು. ಅವರ ಹಿಂದಿದ್ದ ಪರಿವಾರವೂ ಸರಿಯಿತು. ಡ್ರೈವರಣ್ಣ ಯಾರ ಕಡೆಯೂ ನೋಡದೆ ಅವರ ಮುಂದಿಂದ ದಾಟಿ, ಆರನೇ ಬೆಂಚು ಮುಟ್ಟಿ, ಕೂತು, ಬೆವರು ಒರೆಸಿಕೊಂಡ. ಆಗ ಔಷಧಿ ಅಂಗಡಿಯವರು ಚಪ್ಪಾಳೆ ಶುರು ಮಾಡಿದರು. ಗವರ್ನರೂ ಪಾತಿಯಲ್ಲಿ ನಿಂತೇ ಚಪ್ಪಾಳೆ ತಟ್ಟಿದರು ಎನ್ನುವುದನ್ನು ನಾನು ಒಪ್ಪಿಕೊಳ್ಳಲೇಬೇಕು. ಕ್ಲಬ್ಬಿನವರ ಬಗ್ಗೆ ವೇದಿಕೆಯ ಮೇಲೆ ಆಡಿಕೊಳ್ಳುವುದನ್ನು ಈಗ ಸ್ವಲ್ಪ ಕಮ್ಮಿ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ.

ಆ ದಿನ ಪೂರ್ತಿ ಸುತ್ತು ಆಗಲಿಲ್ಲ. ಆರರಿಂದ ಎಂಟಕ್ಕೆ ಹೋಗಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಕಂಬಿಗೆ ಬೇರೆ ಗಿರಾಕಿಗಳೂ ಬಂದಿದ್ದರು. ತುಂಬು ಬಸುರಿ ಒಬ್ಬಳು, ಸೊಂಟದ ಆಪರೇಷನ್ ಆದ ಟೀಚರೊಬ್ಬರು, ಕಣ್ಣು ಕಾಣದ ಒಬ್ಬ ತಬಲಾ ಮೇಷ್ಟ್ರು. ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಾರೆ. ಬೋರ್ಡು ಹಾಕಿಲ್ಲ, ಡ್ರೈವರಣ್ಣನ ಬಾಯಿಯೇ ಬೋರ್ಡು.

ಎಂಟನೇ ಬೆಂಚು ಮುಟ್ಟಿದ ಬೆಳಿಗ್ಗೆ ಡಾಕ್ಟರಮ್ಮನೂ ಇದ್ದಳು. ಆತನ ಮೊಣಕಾಲು ಮುಟ್ಟಿ ನೋಡಿ, "ಸಡಿಲ ಆಗ್ತಾ ಇದೆ ಆಂಟಿ" ಎಂದಷ್ಟೇ ಹೇಳಿದಳು. ಸೀಟಿಯಕ್ಕ ಆತನ ಪಕ್ಕದಲ್ಲಿ ದೊಪ್ಪನೆ ಕೂತು ತನ್ನ ಮಂಡಿ ಎರಡನ್ನೂ ಉಜ್ಜಿಕೊಂಡಳು. "ಟ್ರಿಪ್ಪು ಮುಗೀತು ರೀ. ಇಳೀರಿ, ಮನೆಗೆ ಹೋಗೋಣ."

ಡ್ರೈವರಣ್ಣ ಎದ್ದು ನಿಂತ. ಮನೆಯ ಕಡೆ ನೋಡಲಿಲ್ಲ. ಎಡಗೈ ಚಾಚಿ ಕಂಬಿಯನ್ನು ಎರಡು ಸಲ ಬಡಿದ, ಟಣ್, ಟಣ್.

"ಅಯ್ಯೋ, ಇನ್ನೊಂದು ಟ್ರಿಪ್ಪಾ? ನನ್ನ ಮಂಡಿ ಏನಾಗಬೇಕು?"

"ಹೂಂ" ಎಂದ ಡ್ರೈವರಣ್ಣ, ಮತ್ತೆ ಕೂತ. ಆಕೆಯ ಮಂಡಿ ಏಳುವಷ್ಟಾಗುವವರೆಗೆ, ಕಂಬಿಯ ಮೇಲೆ ಕೈಯಿಟ್ಟುಕೊಂಡು ಕಾದ.